ಹಳದಿ ದಾರದ ಸುರುಳಿ

ಅಕ್ಕ ಗಿಟಾರ್ ನುಡಿಸಿದವಳಲ್ಲ. ಒಂದು ದಿನ ಮಡಿಲಲ್ಲಿ ಇಟ್ಟುಕೊಂಡು ನೋಡಿದವಳೂ ಅಲ್ಲ. ಆದರೂ ಅವಳ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಎಲ್ಲೆಲ್ಲಿಯವರೋ ಗಂಡಸರು ಇಸ್ತ್ರಿ ಅಂಗಡಿಯ ಪಕ್ಕದ ಮೂವತ್ತೆರಡು ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತು, "ಅಮ್ಮ, ಒಂದ್ಸಲ ನಿಮ್ಮ ಕೈ ನೋಡಬಹುದಾ?" ಎಂದು ಕೇಳುತ್ತಿದ್ದರು. ಅವಳು ಕೈ ಚಾಚುತ್ತಿದ್ದಳು. ಬಲಗೈ ತೋರುಬೆರಳಿನ ಒಳಮೈಯಲ್ಲಿ ತಂತಿ ಕೊರೆದ ಒಂದು ಗೆರೆ ಇತ್ತು. ತರಕಾರಿ ಹೆಚ್ಚುವಾಗ ಆದ ಗಾಯ ಎಂದೇ ಅವಳ ಮಗಳು ಬಹಳ ವರ್ಷ ತಿಳಿದುಕೊಂಡಿದ್ದಳು.

ಆ ಗೆರೆ ಬಿದ್ದದ್ದು ಕಾರ್ಖಾನೆಯಲ್ಲಿ. ಅಕ್ಕನಿಗೆ ಆಗ ಇಪ್ಪತ್ತೆರಡು, ಅವಳ ತಂಗಿಗೆ ಇಪ್ಪತ್ತು. ಅಪ್ಪ ಇಲ್ಲದ ಮನೆ. ಇಬ್ಬರೂ ಒಂದೇ ದಿನ, ಒಂದೇ ಬೆಂಚಿಗೆ ಕೆಲಸಕ್ಕೆ ಸೇರಿದರು. ಕಾರ್ಖಾನೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಮಾಡುತ್ತಿದ್ದರು. ಎಲೆಕ್ಟ್ರಿಕ್ ಗಿಟಾರಿನ ಹೊಟ್ಟೆ ಟೊಳ್ಳಲ್ಲ. ಗಟ್ಟಿ ಮರದ ಹಲಗೆ. ಅದರ ಆರು ತಂತಿಗಳ ಕೆಳಗೆ ಬೆರಳುದ್ದದ ಒಂದು ಅಚ್ಚು ಕೂತಿರುತ್ತದೆ. ಅಚ್ಚಿನಲ್ಲಿ ಆರು ಅಯಸ್ಕಾಂತದ ತುಂಡು, ಅವುಗಳ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ತಂತಿ ಎಂಟು ಸಾವಿರ ಸುತ್ತು. ಮೇಲಿನ ತಂತಿ ನಡುಗಿದ್ದು ಕೆಳಗಿನ ಸುರುಳಿಗೆ ತಿಳಿಯುತ್ತದೆ, ತಿಳಿದದ್ದನ್ನು ಅದು ಆಂಪ್ಲಿಫೈಯರಿಗೆ ಮುಟ್ಟಿಸುತ್ತದೆ. ಇದಕ್ಕೆ ಪಿಕಪ್ ಎಂದು ಹೆಸರು. ಸುರುಳಿ ಕೋಣೆಯ ಹೆಂಗಸರು ಮಾತ್ರ ಅದನ್ನು 'ಕಿವಿ' ಎನ್ನುತ್ತಿದ್ದರು. "ಇವತ್ತು ಎಷ್ಟು ಕಿವಿ ಆಯ್ತೇ?" "ಹನ್ನೊಂದು. ಹನ್ನೆರಡನೇದನ್ನ ಮೇಸ್ತ್ರಿ ಹಿಂಡಿಬಿಟ್ಟ."

ಯಂತ್ರ ಅಚ್ಚನ್ನು ತಿರುಗಿಸುತ್ತಿತ್ತು, ಅಷ್ಟೇ. ತಂತಿಯನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನಡೆಸುವುದು ಕೈಯ ಕೆಲಸ. ಬಿಗಿ ಹಿಡಿದರೆ ಕಡಿಯುತ್ತದೆ, ಸಡಿಲ ಬಿಟ್ಟರೆ ಉಬ್ಬುತ್ತದೆ. ಅಕ್ಕ ಎರಡೇ ತಿಂಗಳಲ್ಲಿ ಆ ಹದ ಹಿಡಿದಳು. ಅವಳು ಸುತ್ತಿದ ಸುರುಳಿಯ ಮೇಲೆ ಬೆರಳಾಡಿಸಿದರೆ ಗಾಜು ಸವರಿದಂತಿರುತ್ತಿತ್ತು. ಮೇಸ್ತ್ರಿ ಅದನ್ನು ಬೆಳಕಿಗೆ ಹಿಡಿದು, "ಶುಚಿಯಾಗಿದೆ" ಎನ್ನುತ್ತಿದ್ದ. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಮಾತು ಇರಲಿಲ್ಲ. ತಂಗಿ ಕರೆದದ್ದು ಕೇಳಿ ಕೇಳಿ ಇಡೀ ಕೋಣೆಗೆ ಅವಳು ಅಕ್ಕನಾದಳು. ಬೆನ್ನ ಹಿಂದೆ ಅವಳ ಹೆಸರು ಅಳತೆಗೋಲು.

ತಂಗಿಯ ಅಡ್ಡಹೆಸರು ಚಿಲಿಪಿಲಿ. ಅವಳಿಗೆ ಮಾತು ನಿಂತರೆ ಕೈ ನಿಲ್ಲುತ್ತಿತ್ತು. ಪಕ್ಕದವಳ ಗಂಡನ ಗೊರಕೆಯನ್ನು ಅಣಕಿಸುತ್ತ, ನಗುತ್ತ, ನಕ್ಕಾಗ ಭುಜ ಕುಣಿದು, ಭುಜ ಕುಣಿದಾಗ ತಂತಿ ಎಲ್ಲಿಗೋ ಹೋಗಿ, ಒಂದು ಕಡೆ ಗುಡ್ಡ ಒಂದು ಕಡೆ ಹಳ್ಳ ಆಗುತ್ತಿತ್ತು. ಮೀಟರಿಗೆ ಹಾಕಿದರೆ ಪಾಸಾಗುತ್ತಿತ್ತು, ಹಾಗಾಗಿ ಮೇಸ್ತ್ರಿ ಬೈದುಕೊಂಡೇ ಬಿಡುತ್ತಿದ್ದ. ಸುರುಳಿ ಮುಗಿದ ಮೇಲೆ ಅದರ ಸುತ್ತ ಕಾಪಾಗಿ ಕಪ್ಪು ದಾರ ಸುತ್ತುವುದು ಕ್ರಮ. ಉಗ್ರಾಣದವನು ಜಿಪುಣ, ವಾರಕ್ಕೆ ಒಂದೇ ಉಂಡೆ ಕೊಡುತ್ತಿದ್ದ. ಚಿಲಿಪಿಲಿ ಬುಧವಾರಕ್ಕೇ ಅದನ್ನು ಮುಗಿಸಿ, ಉಳಿದ ದಿನಗಳಿಗೆ ತನ್ನ ಹಳದಿ ಶಾಲಿನ ಅಂಚಿನಿಂದ ಎಳೆ ಬಿಚ್ಚಿಕೊಳ್ಳುತ್ತಿದ್ದಳು.

"ನಿನ್ನ ಶಾಲು ಗಿಟಾರ್ ಒಳಗೆ ಹೋಯ್ತು ಅಂತ ಚಳಿಗಾಲದಲ್ಲಿ ಅಳ್ಬೇಡ" ಎಂದು ಅಕ್ಕ ಗದರಿಸಿದರೆ, "ಅಳೋದ್ಯಾಕೆ? ನಿನ್ನ ಶಾಲು ಇದ್ಯಲ್ಲ, ಅಗಲವಾಗಿದೆ" ಎಂದು ಅವಳು.

ಒಂದು ಕೆಲಸ ಮಾತ್ರ ಚಿಲಿಪಿಲಿಗೆ ಆಗುತ್ತಿರಲಿಲ್ಲ. ಬೆಸುಗೆ. ಸೇರಿದ ವಾರವೇ ಬೆಸುಗೆ ಕಡ್ಡಿಯಿಂದ ಅಂಗೈ ಸುಟ್ಟುಕೊಂಡಿದ್ದಳು. ಆಮೇಲೆ ಅವಳ ಸುರುಳಿಗಳ ಮೊದಲ ತುದಿ, ಕೊನೆಯ ತುದಿ ಎರಡನ್ನೂ ಅಕ್ಕನೇ ಬೆಸೆದುಕೊಡುತ್ತಿದ್ದಳು. ಬೆಸುಗೆಗೆ ಹಚ್ಚುವ ಪೇಸ್ಟಿನಲ್ಲಿ ಆಮ್ಲ ಇರುತ್ತದೆ, ಕೆಲಸವಾದ ಮೇಲೆ ಸ್ಪಿರಿಟ್ ಬಟ್ಟೆಯಿಂದ ಒರೆಸದಿದ್ದರೆ ಅದು ನಿಧಾನಕ್ಕೆ ತಾಮ್ರ ತಿನ್ನುತ್ತದೆ. ಅಕ್ಕ ಒರೆಸದೆ ಬಿಟ್ಟದ್ದನ್ನು ಯಾರೂ ನೋಡಿರಲಿಲ್ಲ.

ನಾಲ್ಕನೆಯ ವರ್ಷದ ಒಂದು ಗುರುವಾರ. ಚಿಲಿಪಿಲಿಯ ಸುರುಳಿ ಮುಕ್ಕಾಲು ಪಾಲು ಮುಗಿದಿತ್ತು. ಏನೋ ಹೇಳಲು ಹೋಗಿ ಅವಳು ಕೈ ಎತ್ತಿದಳು, ತಂತಿ ಕಡಿಯಿತು. ಕಡಿದದ್ದನ್ನು ಕಸಕ್ಕೆ ಎಸೆದು ಹೊಸದು ಶುರುಮಾಡಬೇಕು, ಅದು ನಿಯಮ. ಚಿಲಿಪಿಲಿ ಆಚೀಚೆ ನೋಡಿ ಎರಡು ತುದಿಗಳನ್ನು ಉಗುರಿನಲ್ಲಿ ಹೊಸೆದಳು.

"ಏನೇ ಅದು?"

"ಸುಮ್ನಿರು ಅಕ್ಕ. ಆರು ಸಾವಿರ ಸುತ್ತಿದೀನಿ. ಇದನ್ನ ಎಸೆದ್ರೆ ಇವತ್ತು ಮನೆಗೆ ಹೋದ ಹಾಗೇ."

"ಬರೀ ಹೊಸೆದ್ರೆ ನಿಲ್ಲಲ್ಲ. ಇವತ್ತಲ್ಲ ನಾಳೆ ಬಿಟ್ಕೊಳ್ಳತ್ತೆ."

"ಬಿಟ್ಕೊಂಡಾಗ ನಾವೆಲ್ಲಿರ್ತೀವೋ! ಹೋಗು, ನೀರು ಕುಡ್ಕೊಂಡು ಬಾ. ಮುಖ ಕೆಂಪಾಗಿದೆ."

ಅಕ್ಕ ಕೋಪದಲ್ಲಿ ಎದ್ದು ನೀರಿನ ಹಂಡೆಯ ಹತ್ತಿರ ಹೋದಳು. ತಿರುಗಿ ಬಂದಾಗ ಯಂತ್ರ ಓಡುತ್ತಿತ್ತು, ತಂಗಿ ನಗುತ್ತಿದ್ದಳು. ಸಂಜೆ ಆ ಸುರುಳಿ ಹಳದಿ ದಾರ ಸುತ್ತಿಕೊಂಡು ಉಳಿದವುಗಳ ಜೊತೆ ತಟ್ಟೆಯಲ್ಲಿ ಹೊರಟಿತು. ಅಕ್ಕ ಆ ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ. ಎಲ್ಲೋ ಯಾರೋ ನುಡಿಸುತ್ತಿರುವಾಗ ಗಿಟಾರು ತಟ್ಟನೆ ಮೂಕವಾಗುತ್ತದೆ ಎನ್ನುವುದು ಅವಳಿಗೆ ತಡೆಯಲಾಗಲಿಲ್ಲ. ಬೆಳಿಗ್ಗೆ ಮೇಸ್ತ್ರಿಯ ಹತ್ತಿರ ಹೋಗಿ ಹೇಳಿದಳು: "ನಿನ್ನೆ ತಂಗಿಯ ಒಂದು ಸುರುಳೀಲಿ ಗಂಟು ಇದೆ. ಬೆಸುಗೆ ಇಲ್ಲ, ಬರೀ ತಂತಿ. ಹುಡುಕಿ ತೆಗೀಬೇಕು."

ಮೇಸ್ತ್ರಿ ಒಂದು ಬೈಗುಳ ಬೈದು ಬಿಡುತ್ತಾನೆ ಎಂದು ಅವಳು ಎಣಿಸಿದ್ದಳು. ಅವನು ಸುರುಳಿ ಹುಡುಕಲು ಹೋಗಲೇ ಇಲ್ಲ. ಅಷ್ಟು ಹೊತ್ತಿಗೆ ಎಲ್ಲವೂ ಮರಕ್ಕೆ ಕೂತಾಗಿತ್ತು. ಸೋಮವಾರದಿಂದ ಚಿಲಿಪಿಲಿಯನ್ನು ಬಣ್ಣದ ಕೋಣೆಗೆ ಹಾಕಿದ. ಅಲ್ಲಿ ಗಿಟಾರಿನ ಮೈಗೆ ಗಾಳಿಯೊತ್ತಡದ ಪಿಚಕಾರಿಯಿಂದ ವಾರ್ನಿಷ್ ಹೊಡೆಯುತ್ತಿದ್ದರು. ಕಿಟಕಿಗಳಿಗೆ ಧೂಳು ಬಾರದಂತೆ ಕಾಗದ ಅಂಟಿಸಿತ್ತು. ಮೂಗಿಗೆ ಒಂದು ಬಟ್ಟೆ ಕಟ್ಟಿಕೊಂಡು, ಮಾತನಾಡದೆ ಕೆಲಸ ಮಾಡಬೇಕು. ಮಾತನಾಡಿದರೆ ವಾರ್ನಿಷ್ ಗಂಟಲಿಗೆ ಇಳಿಯುತ್ತಿತ್ತು.

ಚಿಲಿಪಿಲಿ ಮಾತನಾಡದೆ ಇರುವವಳೇ?

ಎರಡನೆಯ ವರ್ಷಕ್ಕೆ ಕೆಮ್ಮು ಬಂತು. ಏಳನೆಯ ವರ್ಷಕ್ಕೆ ಅವಳು ಹೋದಳು, ಮೂವತ್ತೊಂದು ತುಂಬಿರಲಿಲ್ಲ. ತನ್ನನ್ನು ಸುರುಳಿ ಕೋಣೆಯಿಂದ ತೆಗೆದದ್ದು ಯಾಕೆಂದು ಅವಳಿಗೆ ಗೊತ್ತಿತ್ತೋ ಇಲ್ಲವೋ ಅಕ್ಕನಿಗೆ ತಿಳಿಯಲಿಲ್ಲ. ಕೇಳಬೇಕೆಂದು ಹಾಸಿಗೆಯ ಪಕ್ಕ ಕೂತಾಗಲೆಲ್ಲ ಚಿಲಿಪಿಲಿಯೇ ಬೇರೆ ಏನೋ ಮಾತು ತೆಗೆಯುತ್ತಿದ್ದಳು, ಕೆಮ್ಮಿನ ನಡುವೆ. ಆಮೇಲೆ ಕಾರ್ಖಾನೆ ಮುಚ್ಚಿತು. ಅಕ್ಕನ ಮದುವೆಯಾಯಿತು, ಮಗಳು ಹುಟ್ಟಿದಳು, ಗಂಡ ತೀರಿಕೊಂಡ. ಗಿಟಾರಿನ ಮಾತು ಆ ಮನೆಯಲ್ಲಿ ಯಾರೂ ಎತ್ತಿದವರಿಲ್ಲ.

ಎತ್ತಿದವನು ಭೂತಗನ್ನಡಿಯವನು.

ಅವನು ಹಳೆಯ ಗಿಟಾರುಗಳನ್ನು ಸಂಗ್ರಹಿಸುವವನು. ಕೊರಳಲ್ಲಿ ದಪ್ಪ ಭೂತಗನ್ನಡಿ ನೇತುಹಾಕಿಕೊಂಡೇ ಓಡಾಡುತ್ತಿದ್ದುದರಿಂದ ಅಕ್ಕನ ಮಗಳು ಅವನಿಗೆ ಆ ಹೆಸರಿಟ್ಟಳು. ಅವನು ಮೊದಲ ಸಲ ಬಂದಾಗ ಒಂದು ಉದ್ದನೆಯ ಪೆಟ್ಟಿಗೆ ತಂದು, ಮುಚ್ಚಳ ತೆರೆದು, ಮೂಗು ಒಳಗಿಟ್ಟು ಕಣ್ಣು ಮುಚ್ಚಿದ. ಗಿಟಾರ್ ಮೂಸುವವರನ್ನು ತಾಯಿ ಮಗಳು ಕಂಡದ್ದು ಅದೇ ಮೊದಲು.

"ಈ ವಾಸನೆ ಈಗ ಮಾಡಿದ್ದಕ್ಕೆ ಬರಲ್ಲಮ್ಮ" ಎಂದ ಅವನು. ಮೊದಲು ಅಂಟಿಸಿದ ಬೆಸುಗೆ, ಮೊದಲು ಹೊಡೆದ ಬಣ್ಣ, ಮೊದಲು ತಿರುಗಿಸಿದ ತಿರುಪು, ಯಾವುದನ್ನೂ ಯಾರೂ ಮುಟ್ಟಿರಬಾರದು, ಅಂಥದ್ದು ಅವನಿಗೆ ಬೇಕು. ಒಂದು ತಿರುಪಿನ ತಲೆ ಸವೆದಿದ್ದರೂ ಅವನ ಮುಖ ಬಾಡುತ್ತಿತ್ತು. ಅವನು ಪಿಕಪ್ಪಿನ ಮುಚ್ಚಳ ಎತ್ತಿ ತೋರಿಸಿದ. ಕೆಳಗೆ, ಬಣ್ಣ ಮಾಸಿದ ಹಳದಿ ದಾರ.

"ಆ ಕಾರ್ಖಾನೆಯ ಎಲ್ಲಾ ಪಿಕಪ್ ಒಂದು ತೂಕ, ಈ ಹಳದಿ ದಾರದ್ದೇ ಒಂದು ತೂಕ. ಕಪ್ಪು ದಾರದ್ದು ಗಂಟಲು ಕಟ್ಟಿದ ಹಾಗೆ, ಏನೂ ತಪ್ಪಿಲ್ಲ ಆದ್ರೆ ಏನೂ ಇಲ್ಲ. ಇದು ಮಾತಾಡತ್ತೆ! ಸುತ್ತು ಒಂದರ ಮೇಲೊಂದು ಹತ್ತಿ ಇಳಿದು, ನಡುನಡುವೆ ಗಾಳಿ ಉಳಿದು... ಬೇಕು ಅಂತ ಮಾಡಿದ್ರೂ ಬರಲ್ಲ. ಆ ಕೋಣೇಲಿ ಕೆಲಸ ಮಾಡಿದೋರಲ್ಲಿ ಈಗ ಇರೋರು ನೀವೊಬ್ರೇ. ಹೇಳಿ ಅಮ್ಮ, ಇದು ನಿಮ್ಮ ಕೈಯದೇ ಅಲ್ವಾ?"

ಅಕ್ಕ ಆ ದಾರವನ್ನೇ ನೋಡುತ್ತಿದ್ದಳು. ನಲವತ್ತು ವರ್ಷದ ಮೇಲೆ ಯಾರೋ ಚಿಲಿಪಿಲಿಯನ್ನು ಹೊಗಳುತ್ತಿದ್ದರು. ಅವಳಿಗೆ ಮಾತು ಬರಲಿಲ್ಲ, ತಲೆ ಆಡಿತು. ಭೂತಗನ್ನಡಿಯವನು ಅದನ್ನು ಹೌದೆಂದು ತೆಗೆದುಕೊಂಡ. ಅವಳ ಕೈ ಹಿಡಿದು ಕಣ್ಣಿಗೊತ್ತಿಕೊಂಡ. ಮಗಳು ಹೊಲಿಗೆ ನಿಲ್ಲಿಸಿ, ತಾಯಿಯನ್ನು ಮೊದಲ ಸಲ ನೋಡುವವಳಂತೆ ನೋಡಿದಳು. ಆ ಕ್ಷಣ ದಾಟಿಹೋಯಿತು. ಮರುದಿನ ಹೇಳೋಣ ಎಂದು ಅಕ್ಕ ಅಂದುಕೊಂಡಳು. ಮರುದಿನ ಅವನು ಇರಲಿಲ್ಲ. ವಾರ ಕಳೆಯುವಷ್ಟರಲ್ಲಿ ಅವಳ ಫೋಟೊ ಎಲ್ಲೆಲ್ಲಿಗೋ ಹೋಗಿ, ಅವಳು ಹಳದಿ ದಾರದಮ್ಮ ಆಗಿದ್ದಳು.

ಹೀಗೆ ಮೂರು ವರ್ಷ ನಡೆಯಿತು. ಬಂದವರ ಹತ್ತಿರ ಅವಳು ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. "ಆಗ ಎಲ್ಲರೂ ಒಟ್ಟಿಗೆ ಮಾಡ್ತಿದ್ವಿ" ಎನ್ನುತ್ತಿದ್ದಳು. ಅದನ್ನವರು ವಿನಯ ಎಂದುಕೊಂಡು ಇನ್ನಷ್ಟು ಕೈಮುಗಿದರು.

ನಾಲ್ಕನೆಯ ವರ್ಷ ವಾದ್ಯಗಾರ ಬಂದ. ಐವತ್ತರ ಆಸುಪಾಸಿನ ಗಂಡಸು, ಒಂದು ಹೋಟೆಲಿನ ಊಟದ ಕೋಣೆಯಲ್ಲಿ ವಾರಕ್ಕೆ ಐದು ದಿನ ನುಡಿಸುವವನು. ಅವನು ಗಿಟಾರನ್ನು ಮೂಸಲಿಲ್ಲ. ಪೆಟ್ಟಿಗೆಯಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ, ನಿದ್ದೆಹೋದ ಮಗುವನ್ನು ಎತ್ತಿದ ಹಾಗೆ. ಮೈಯ ಬಣ್ಣ ಅವನ ಮೊಣಕೈ ತಾಗುವಲ್ಲಿ ಸವೆದು ಮರ ಕಾಣುತ್ತಿತ್ತು. ಕುತ್ತಿಗೆಯ ಹಿಂಭಾಗ ಅವನ ಹೆಬ್ಬೆರಳಿಗೆಂದೇ ಕಡೆದಂತಿತ್ತು.

"ಇಪ್ಪತ್ತಾರು ವರ್ಷದಿಂದ ನನ್ನ ಹತ್ರ ಇದೆ ಅಮ್ಮ. ನನಗಿಂತ ಮುಂಚೆ ಇನ್ಯಾರ್ಯಾರ ಹತ್ರ ಇತ್ತೋ. ಎರಡು ತಿಂಗಳ ಹಿಂದೆ ನುಡಿಸ್ತಾ ನುಡಿಸ್ತಾ ಮೂಕ ಆಯ್ತು. ಹಾಡಿನ ಮಧ್ಯ. ನಾನು ತಂತಿ ಮೀಟ್ತಿದೀನಿ, ಜನ ನನ್ನ ಬೆರಳು ನೋಡ್ತಿದಾರೆ, ಶಬ್ದ ಇಲ್ಲ."

ಅಕ್ಕ ಗಿಟಾರಿನತ್ತ ನೋಡಿದಳು. ನಲವತ್ತೈದು ವರ್ಷದ ಹಿಂದೆ ನಿದ್ದೆಗೆಡಿಸಿದ್ದು ಇದೇ.

"ಹೊಸದು ಹಾಕಿಸ್ಕೊಳ್ಳಿ."

"ಹಾಕಿ ನೋಡಿದೆ. ಬೇರೆಯವರ ಹಲ್ಲುಸೆಟ್ ಹಾಕ್ಕೊಂಡು ಊಟ ಮಾಡಿದ ಹಾಗಾಯ್ತು. ಹೋಟೆಲಿನೋರು ಕೂಡ ಕೇಳಿದ್ರು, ಏನಪ್ಪಾ, ಹುಷಾರಿಲ್ವಾ ಅಂತ."

ವಾದ್ಯಗಾರ ಮೊದಲು ಹೋದದ್ದು ಭೂತಗನ್ನಡಿಯವನ ಹತ್ತಿರ. ಅವನು ಗಿಟಾರ್ ನೋಡಿ ಬೆವರಿದ್ದನಂತೆ. ಸತ್ತಿದ್ದರೂ ಪರವಾಗಿಲ್ಲ, ಬಿಚ್ಚಬೇಡ, ಹಾಗೇ ನನಗೆ ಕೊಡು ಎಂದಿದ್ದನಂತೆ. ಕೊಡುವುದಿಲ್ಲ ಎಂದಾಗ ಯೋಚಿಸಿ, ಬೇರೆ ಯಾರು ಬಿಚ್ಚಿದರೂ ಅದು ಕೆಟ್ಟಂತೆ, ಆದರೆ ಸುತ್ತಿದ ಕೈಯೇ ಬಿಚ್ಚಿ ಮತ್ತೆ ಸುತ್ತಿದರೆ ಅದು ಮೊದಲಿನದೇ, ಕೈ ಒಂದೇ ಅಲ್ಲವೇ, ಎಂದನಂತೆ. ಹಳೆಯ ಗಿಟಾರಿನ ಜನ ಹೀಗೆಯೇ. ಅವರ ಲೋಕದಲ್ಲಿ ತಿರುಪು ಬದಲಾದರೆ ತಪ್ಪು, ತಾಯಿ ಮುಟ್ಟಿದರೆ ಸರಿ.

ವಾದ್ಯಗಾರ ಪಿಕಪ್ಪನ್ನು ಬಿಚ್ಚಿ ಅವಳ ಅಂಗೈಯಲ್ಲಿಟ್ಟ. ಹಳದಿ ದಾರ. ತಿರುವಿದರೆ ಅಚ್ಚಿನ ತಳದಲ್ಲಿ ಸೀಸದ ಕಡ್ಡಿಯಲ್ಲಿ ಬರೆದ ತಾರೀಖು. ಅಕ್ಷರ ಕೂಡಿಸಿ ಓದಲು ಅಕ್ಕನಿಗೆ ಹೊತ್ತು ಹಿಡಿಯುತ್ತಿತ್ತು; ಅಂಕಿ ಓದಲು ಯಾರೂ ಬೇಕಿರಲಿಲ್ಲ. ಅದು ಆ ಗುರುವಾರ.

"ಇದು ನಾನು ಸುತ್ತಿದ್ದಲ್ಲ" ಎಂದಳು. ಮೂರು ವರ್ಷದಿಂದ ಹೊರಗೆ ಬಾರದ ಮಾತು ಎಷ್ಟು ಸಲೀಸಾಗಿ ಬಂತೆಂದು ಅವಳಿಗೇ ಆಶ್ಚರ್ಯವಾಯಿತು. "ನನ್ನ ತಂಗಿ ಸುತ್ತಿದ್ದು. ಹಳದಿ ದಾರದ್ದೆಲ್ಲಾ ಅವಳದೇ. ನಂದು ಕಪ್ಪು ದಾರ. ಅವಳಿಲ್ಲ ಈಗ."

ವಾದ್ಯಗಾರ ಮುಗುಳ್ನಕ್ಕ. "ಆ ಗಿಟಾರ್ ಸಂಗ್ರಹಿಸೋರು ಹೇಳಿದ್ರು, ನೀವು ಹೀಗೇ ಅಂತೀರಿ ಅಂತ."

"ಅಯ್ಯೋ, ಸುಳ್ಳಲ್ಲಪ್ಪಾ!"

"ಆಯ್ತಮ್ಮ, ತಂಗೀದೇ ಇರ್ಲಿ. ಒಂದೇ ಬೆಂಚು, ಒಂದೇ ರಕ್ತ. ನಿಮ್ಮನ್ನ ಬಿಟ್ರೆ ನಾನು ಯಾರ ಹತ್ರ ಹೋಗ್ಲಿ? ಹೇಳಿ, ಅವರ ಹತ್ರಾನೇ ಹೋಗ್ತೀನಿ."

ಅವಳು ಅಂಗೈಯಲ್ಲಿದ್ದುದನ್ನು ಮೇಜಿನ ಮೇಲಿಟ್ಟಳು. ಪಿಕಪ್ ಅಲ್ಲೇ ಉಳಿಯಿತು, ವಾದ್ಯಗಾರ ಮೆಟ್ಟಿಲಿಳಿದ. ಅವನು ಹೋದ ಮೇಲೆ ಮಗಳು ಪರದೆಯ ಬಟ್ಟೆ ಬದಿಗಿಟ್ಟು ಕೇಳಿದಳು.

"ನಿಜಾನಾ ಅಮ್ಮ? ಚಿಕ್ಕಮ್ಮಂದಾ?"

"ನಿಜ."

"ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ?"

"ಬಾಯಿ ಬರಲಿಲ್ಲ."

"ಚೆನ್ನಾಯ್ತು. ಈಗ ಬಾಯಿ ಬಂದಿದೆ, ಕೇಳೋ ಕಿವಿ ಇಲ್ಲ." ಮಗಳು ಸೂಜಿಗೆ ದಾರ ಪೋಣಿಸಿದಳು. "ನಿನ್ನ ಕೈಲಿ ಆಗತ್ತಾ?"

"ಗಂಟು ಎಲ್ಲಿದೆ ಅಂತ ನನಗೆ ಗೊತ್ತು" ಎಂದಳು ಅಕ್ಕ. ಅದೊಂದು ಆಸೆ ಅವಳಿಗಿತ್ತು. ಹೊರಗಿನಿಂದ ಎರಡು ಸಾವಿರ ಸುತ್ತು ಬಿಚ್ಚಿದರೆ ಚಿಲಿಪಿಲಿ ಹೊಸೆದ ಗಂಟು ಸಿಗುತ್ತದೆ. ಬಿಟ್ಟುಕೊಂಡಿರುವುದು ಅಲ್ಲಿಯೇ. ಅದನ್ನು ಬೆಸೆದು, ಬಿಚ್ಚಿದಷ್ಟನ್ನು ಮತ್ತೆ ಸುತ್ತಿದರೆ, ಒಳಗಿನ ಆರು ಸಾವಿರ ತಂಗಿಯದಾಗಿಯೇ ಉಳಿಯುತ್ತದೆ.

ಮಗಳ ಹೊಲಿಗೆಯಂತ್ರವನ್ನು ಮನೆಯ ಎರಡು ಕೋಣೆಗಳಲ್ಲಿ ಹೆಚ್ಚು ಬೆಳಕಿರುವ ಕಿಟಕಿಗೆ ಸರಿಸಿದರು. ಅಕ್ಕ ಅದರ ಕೈಚಕ್ರಕ್ಕೆ ಅಚ್ಚನ್ನು ಕಟ್ಟಿ, ಎದುರಿಗೆ ಒಂದು ಖಾಲಿ ಉರುಳೆ ನಿಲ್ಲಿಸಿದಳು. ತುದಿಗಳ ಬೆಸುಗೆಯನ್ನು ಮೊದಲೇ ಕನ್ನಡಕ ಏರಿಸಿ ನೋಡಿದ್ದಳು. ಎರಡೂ ಹೊಳೆಯುತ್ತಿದ್ದವು, ಅವಳದೇ ಕೈಯ ಬೆಸುಗೆ. ಹಳದಿ ದಾರವನ್ನು ಕತ್ತರಿಸದೆ ಬಿಚ್ಚಿ ಒಂದು ಬಟ್ಟಲಲ್ಲಿಟ್ಟಳು. ಸುತ್ತುಗಳು ಅಲುಗದಂತೆ ಕಾರ್ಖಾನೆಯಲ್ಲಿ ಹಚ್ಚಿದ್ದ ಮೇಣವನ್ನು ಬಲ್ಬಿನ ಕಾವಿಗೆ ಹಿಡಿದು ಮೆತ್ತಗೆ ಮಾಡಿದಳು. ನೂರು ಸುತ್ತು ಬಿಚ್ಚಿದಾಗಲೆಲ್ಲ ಮಗಳ ಗುಂಡಿ ಡಬ್ಬಿಯಿಂದ ಒಂದು ಗುಂಡಿ ತೆಗೆದು ತಟ್ಟೆಗೆ ಹಾಕುವಳು. ಬೆಳಿಗ್ಗೆ ಬಿಸಿಲು ಮೇಜಿಗೆ ಬಂದಾಗ ಶುರು, ಎದುರುಮನೆಯ ನೆರಳು ಬಿದ್ದಾಗ ಕೊನೆ. ತಂತಿ ಒಮ್ಮೆಯೂ ಕಡಿಯಲಿಲ್ಲ. ಅಕ್ಕನ ಕೈ ಹಾಗೆ.

ಮೂರನೆಯ ದಿನ, ಇಪ್ಪತ್ತಮೂರನೆಯ ಗುಂಡಿಯ ಮೇಲೆ ಗಂಟು ಬಂತು.

ಅವಳು ಯಂತ್ರ ನಿಲ್ಲಿಸಿದಳು. ಗಂಟಿನ ಮೇಲೆ ಹಳದಿ ಎಳೆ ಸುತ್ತಿತ್ತು, ಕೂದಲಷ್ಟು ಸಣ್ಣದಾಗಿ ಸೀಳಿದ ಎಳೆ, ಒತ್ತೊತ್ತಾಗಿ, ಒಂದಕ್ಕೊಂದು ಅಂಟಿದಂತೆ. ಸೂಜಿಯ ಮೊನೆಯಿಂದ ಅದನ್ನು ಸರಿಸಿದಳು. ಕೆಳಗೆ ಬೆಸುಗೆ. ಸಾಸಿವೆ ಕಾಳಿನಲ್ಲಿ ಕಾಲುಭಾಗದಷ್ಟು, ದುಂಡಗೆ, ಒರೆಸಿ ಶುದ್ಧ ಮಾಡಿದ ಬೆಸುಗೆ. ಹಿಡಿದು ಮೆಲ್ಲಗೆ ಎಳೆದಳು, ಅಲುಗಲಿಲ್ಲ. ತಂತಿ ಕಡಿದಿದೆಯೇ ಎಂದು ನೋಡಲು, ವಾದ್ಯಗಾರ ಬಿಟ್ಟುಹೋಗಿದ್ದ ಮೀಟರನ್ನು ಮಗಳ ಕೈಲಿ ಹಿಡಿಸಿದಳು. ಮುಳ್ಳು ನೇರ ಓಡಿತು. ಗಂಟಿಗೆ ಏನೂ ಆಗಿರಲಿಲ್ಲ.

ಬೆಸುಗೆ ಕಡ್ಡಿ ಕಂಡರೆ ಹೆದರುವವಳು, ಅಕ್ಕ ನೀರು ಕುಡಿಯಲು ಹೋದ ಹೊತ್ತಿನಲ್ಲಿ ಅಕ್ಕನದೇ ಕಡ್ಡಿ ಹಿಡಿದು ಅದನ್ನು ಮಾಡಿದ್ದಳು. ಮಾಡಿ, ಏನೂ ಹೇಳದೆ ನಕ್ಕಿದ್ದಳು. ಬರೀ ತಂತಿ ಎಂದು ಮೇಸ್ತ್ರಿಗೆ ಹೇಳಿದವಳು ಅದನ್ನು ನೋಡಿಯೇ ಇರಲಿಲ್ಲ. ಎಲ್ಲವನ್ನೂ ಎರಡು ಸಲ ಅಳೆಯುವವಳು, ಅದೊಂದನ್ನು ಅಳೆಯದೆ ಹೇಳಿದ್ದಳು.

"ಅಮ್ಮ, ಯಾಕೆ ಕೂತ್ಬಿಟ್ಟೆ? ಸಿಕ್ತಲ್ಲ?" ಎಂದಳು ಮಗಳು.

"ಇದಲ್ಲ. ಬಿಟ್ಟಿರೋದು ಇನ್ನೂ ಒಳಗಿದೆ."

"ಎಷ್ಟು ಒಳಗೆ?"

"ಗೊತ್ತಿಲ್ಲ."

ಅಲ್ಲಿಗೇ ನಿಲ್ಲಿಸಬಹುದಿತ್ತು. ವಾದ್ಯಗಾರ ಎರಡು ಸಲ ಕೆಳಗಿನ ಇಸ್ತ್ರಿ ಅಂಗಡಿಗೆ ಫೋನು ಮಾಡಿ, "ಅಮ್ಮನಿಗೆ ತೊಂದರೆ ಕೊಡಬೇಡಿ, ಸುಮ್ನೆ ಕೇಳಿದೆ" ಎಂದಿದ್ದ. ಅವಳು ಮತ್ತೆ ಚಕ್ರ ತಿರುಗಿಸಿದಳು. ಗುಂಡಿ ಮೂವತ್ತು, ನಲವತ್ತು, ಐವತ್ತು. ತಂಗಿಯ ಗುಡ್ಡ ಹಳ್ಳಗಳು ಒಂದೊಂದಾಗಿ ಬಿಚ್ಚಿಕೊಂಡು ಉರುಳೆಗೆ ಹೋಗುತ್ತಿದ್ದವು. ಇಲ್ಲಿ ಭುಜ ಕುಣಿದಿದೆ, ಇಲ್ಲಿ ತಿರುಗಿ ಯಾರಿಗೋ ಉತ್ತರ ಕೊಟ್ಟಿದ್ದಾಳೆ, ಇಲ್ಲಿ ಮೇಸ್ತ್ರಿ ಬಂದನೆಂದು ಮುನ್ನೂರು ಸುತ್ತು ಸರಿಯಾಗಿ ಸುತ್ತಿದ್ದಾಳೆ. ಕಂಡದ್ದು ಕಂಡ ಕ್ಷಣವೇ ಇಲ್ಲವಾಗುತ್ತಿತ್ತು. ನಿಧಾನಿಸಿದರೂ ಅಷ್ಟೇ, ಬೇಗ ಮಾಡಿದರೂ ಅಷ್ಟೇ.

ಐದನೆಯ ದಿನ ತಟ್ಟೆಯಲ್ಲಿ ಎಪ್ಪತ್ತೊಂಬತ್ತು ಗುಂಡಿಗಳಾದವು. ಕೊನೆಯ ಸುತ್ತು ಬಿಚ್ಚಿದಾಗ, ಮೊದಲ ತುದಿ ಅಚ್ಚಿನ ಅಂಚಿನಲ್ಲಿ ಬೆಸುಗೆಗೆ ತಿರುಗುವ ಜಾಗದಲ್ಲಿ, ಹಸಿರು ಕಿಲುಬು ಕಂಡಿತು. ಮೇಲೆ ಹೊಳೆಯುವ ಬೆಸುಗೆಯ ಅಡಿಯಿಂದ ಒರೆಸದೆ ಉಳಿದ ಪೇಸ್ಟ್ ಒಳಕ್ಕೆ ಹರಿದು, ನಲವತ್ತೈದು ವರ್ಷ ತಾಮ್ರ ತಿಂದಿತ್ತು. ತಂತಿ ಅಲ್ಲಿ ಕಡಿದಿತ್ತು. ಅದು ಅಕ್ಕನ ಬೆಸುಗೆ. ಆ ದಿನ ಯಾಕೆ ಒರೆಸಲಿಲ್ಲ ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಒರೆಸಿದ ನೆನಪೇ ಇತ್ತು.

ಇನ್ನು ಸುತ್ತುವುದು. ಅದೇ ತಂತಿ, ಅದೇ ಅಚ್ಚು, ಅಷ್ಟೇ ಸುತ್ತು. ಹೊಸ ಬೆಸುಗೆ ಹಾಕಿ ಮೂರು ಸಲ ಒರೆಸಿದಳು. ತಂಗಿ ಸುತ್ತಿದ ಹಾಗೆಯೇ ಸುತ್ತುತ್ತೇನೆ ಎಂದು ಕೂತಳು. ನಾಲ್ಕೇ ನಿಮಿಷದಲ್ಲಿ ನೋಡಿದರೆ ಸುತ್ತುಗಳು ಸಾಲಾಗಿ, ಒಂದಕ್ಕೊಂದು ಭುಜ ತಾಗಿಸಿ ನಿಂತಿದ್ದವು. ಬಿಚ್ಚಿದಳು. ಬೆರಳು ಬೇಕೆಂದೇ ಅಲುಗಿಸಿದಳು. ಅಲುಗಿಸಿದ್ದೂ ಅಳತೆಗೆ ಸರಿಯಾಗಿ, ಎಡಕ್ಕೆ ಎಷ್ಟೋ ಬಲಕ್ಕೆ ಅಷ್ಟೇ. ಮತ್ತೆ ಬಿಚ್ಚಿದಳು.

"ಮಾತಾಡು" ಎಂದಳು ಮಗಳಿಗೆ.

"ಏನು ಮಾತಾಡ್ಲಿ?"

"ಏನಾದ್ರೂ. ನಗಿಸು ನನ್ನ."

ಮಗಳು ಪಾಪ, ಇಸ್ತ್ರಿ ಅಂಗಡಿಯವನು ಯಾರದೋ ಮದುವೆಯ ಪ್ಯಾಂಟನ್ನು ಸುಟ್ಟು, ಅದೇ ಬಣ್ಣದ ಜೇಬು ಹೊಲಿಸಿ ತೂತು ಮುಚ್ಚಿದ ಕಥೆ ಹೇಳಿದಳು. ಗಿರಾಕಿ ಬಂದು ಮೊಣಕಾಲಿಗೆ ಜೇಬು ಯಾಕೆಂದು ಕೇಳಿದ್ದಕ್ಕೆ, "ಈಗ ಹಾಗೇ ಸಾರ್" ಎಂದಿದ್ದನಂತೆ. ಅಕ್ಕ ನಕ್ಕಳು. ನಿಜವಾಗಿಯೇ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಕಣ್ಣೊರೆಸಿಕೊಂಡು ಕೆಳಗೆ ನೋಡಿದರೆ ಕೈ ಅದರ ಪಾಡಿಗೆ ಅದು, ಶುಚಿಯಾಗಿ, ಸುತ್ತುತ್ತಲೇ ಇತ್ತು.

ನಾಲ್ಕನೆಯ ಸಲ ಅವಳು ಬಿಚ್ಚಲಿಲ್ಲ. ತಂತಿಯ ಮೈಮೇಲಿನ ಲೇಪ ಇನ್ನೊಂದು ಸಲ ತಡೆಯುವುದಿಲ್ಲ ಎಂದು ಬೆರಳಿಗೆ ತಿಳಿಯುತ್ತಿತ್ತು. ಎಂಟು ಸಾವಿರ ಮುಗಿಸಿ, ಮಗಳ ಪೆಟ್ಟಿಗೆಯಿಂದ ಕಪ್ಪು ದಾರ ತೆಗೆದು ಸುತ್ತಿದಳು.

ವಾದ್ಯಗಾರ ಶನಿವಾರ ಬೆಳಿಗ್ಗೆ ಬಂದ. ಗಿಟಾರಿನ ಜೊತೆ ಟಿಫಿನ್ ಕ್ಯಾರಿಯರ್‌ನಷ್ಟು ದೊಡ್ಡ ಒಂದು ಆಂಪ್ಲಿಫೈಯರ್ ತಂದಿದ್ದ. ಪಿಕಪ್ ಕೂರಿಸಿ, ಉಸಿರು ಹಿಡಿದು ಒಂದು ತಂತಿ ಮೀಟಿದ. ಶಬ್ದ ಬಂತು! ಅವನ ಮುಖ ಅರಳಿತು, ಮಗಳು ಚಪ್ಪಾಳೆ ತಟ್ಟಿದಳು. ಅವನು ಕಣ್ಣು ಮುಚ್ಚಿ ಒಂದು ರಾಗ ಹಿಡಿದ. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದ. ದನಿ ಹೊಂದಿಸುವ ಒಂದು ಗುಬುಟು ತಿರುಗಿಸಿ ಮತ್ತೆ ಅದನ್ನೇ ನುಡಿಸಿದ. ಇನ್ನೊಂದು ತಿರುಗಿಸಿದ. ಬೆರಳು ಹಿಂದಕ್ಕೆ ಮುಂದಕ್ಕೆ ಸರಿಸಿ ಹುಡುಕಿದ, ಕತ್ತಲ ಮನೆಯಲ್ಲಿ ಸ್ವಿಚ್ಚು ಹುಡುಕುವವನಂತೆ.

"ಶುಚಿಯಾಗಿದೆ ಅಮ್ಮ" ಎಂದ ಕೊನೆಗೆ.

ಅಕ್ಕ ತಟ್ಟೆಯಲ್ಲಿದ್ದ ಗುಂಡಿಗಳನ್ನು ಡಬ್ಬಿಗೆ ಸುರಿದಳು.

"ಬಹಳ ಶುಚಿಯಾಗಿದೆ. ನುಡಿಸ್ತಾ ನುಡಿಸ್ತಾ ಸರಿಹೋಗತ್ತೆ. ನಿಮ್ಮ ಕೈಗೂ ವಯಸ್ಸಾಯ್ತಲ್ಲ, ಪಾಪ, ನಾನು ಕೇಳಿದ್ದೇ ತಪ್ಪು." ಅವನು ಬಗ್ಗಿ ಪಿಕಪ್ ನೋಡಿದ. "ಇದೇನು, ಕಪ್ಪು ದಾರ ಕಟ್ಟಿದೀರಿ?"

"ನಾನು ಸುತ್ತಿದ್ದಕ್ಕೆ ಕಪ್ಪು. ನಿನಗೆ ಹೇಳಿದ್ನಲ್ಲಪ್ಪಾ, ಹಳದಿ ನಂದಲ್ಲ. ಈಗ ನಿನ್ನ ಕಿವೀಗೇ ಕೇಳಿಸ್ತಲ್ಲ?"

ಅವನು ಅವಳನ್ನು ನೋಡಿದ ರೀತಿಯಲ್ಲಿ ಗೌರವ ಇತ್ತು, ಕರುಣೆ ಇತ್ತು. ನಂಬಿಕೆ ಇರಲಿಲ್ಲ. ವಯಸ್ಸಾದವರು ಕೈ ಸೋತಾಗ ಹೀಗೆಲ್ಲ ಹೇಳುತ್ತಾರೆ ಎನ್ನುವುದು ಅವನ ಮುಖದ ಮೇಲೆ ಬರೆದಿತ್ತು. ಬಟ್ಟಲಲ್ಲಿದ್ದ ಹಳದಿ ದಾರ ಅವನ ಕಣ್ಣಿಗೆ ಬಿತ್ತು.

"ಇದನ್ನ ಮೇಲೆ ಸುತ್ತಿಕೊಳ್ಳಲಾ ಅಮ್ಮ? ನುಡಿಸೋಕಲ್ಲ. ಹಾಗೇ, ನನ್ನ ಸಮಾಧಾನಕ್ಕೆ. ಇಪ್ಪತ್ತಾರು ವರ್ಷ ಒಳಗಿತ್ತಲ್ಲ."

ಬೇಡ ಎನ್ನಲು ಅವಳಿಗೆ ಕಾರಣ ಹೊಳೆಯಲಿಲ್ಲ. ಅವನು ದೊಡ್ಡ ಬೆರಳುಗಳಿಂದ, ನಾಲಿಗೆ ಕಚ್ಚಿಕೊಂಡು, ಕಪ್ಪಿನ ಮೇಲೆ ಹಳದಿ ಸುತ್ತಿದ. ಹಳೆಯ ಮಡಿಕೆಗಳು ಇದ್ದಲ್ಲೇ ಹೋಗಿ ಕೂತವು. ಕಪ್ಪು ಎಲ್ಲೂ ಕಾಣಲಿಲ್ಲ. ಭೂತಗನ್ನಡಿಯವನು ಬಂದು ನೋಡಿದರೂ ಇನ್ನು ಕಾಣುವುದಿಲ್ಲ.

ಮಗಳು ಟೀ ತರಲು ಒಳಗೆ ಹೋದಳು. ಕೋಣೆಯಲ್ಲಿ ಅವರಿಬ್ಬರೇ ಉಳಿದರು. ಅವನು ಪಿಕಪ್ಪನ್ನು ಮತ್ತೆ ಮರಕ್ಕಿಟ್ಟು ತಿರುಪು ಬಿಗಿಯುತ್ತಿದ್ದ. ಈಗ ಹೇಳದಿದ್ದರೆ ಇನ್ನು ಯಾವತ್ತೂ ಇಲ್ಲ ಎಂದು ಅಕ್ಕನಿಗೆ ಅನ್ನಿಸಿತು.

"ಅವಳು ಬೆಸುಗೆ ಹಾಕಿದ್ಳು. ಸರಿಯಾಗೇ ಹಾಕಿದ್ಳು. ಹಾಕಿಲ್ಲ ಅಂತ ಮೇಸ್ತ್ರಿಗೆ ಹೇಳಿದ್ದು ನಾನು."

ವಾದ್ಯಗಾರ ತಲೆ ಎತ್ತದೆ, ಬಾಯಲ್ಲಿದ್ದ ಇನ್ನೊಂದು ತಿರುಪನ್ನು ಬೆರಳಿಗೆ ತೆಗೆದುಕೊಳ್ಳುತ್ತ ಕೇಳಿದ: "ಯಾವ ಮೇಸ್ತ್ರಿ ಅಮ್ಮ?"

ಅವಳು ಸುರುಳಿ ಕೋಣೆಯಿಂದ ಶುರುಮಾಡಬೇಕಿತ್ತು. ಬೆಂಚಿನಿಂದ, ನೀರಿನ ಹಂಡೆಯಿಂದ, ಕಾಗದ ಅಂಟಿಸಿದ ಕಿಟಕಿಗಳಿಂದ. ಬಾಯಿ ತೆರೆದಳು. ಅಷ್ಟರಲ್ಲಿ ಅವನು ತಿರುಪು ಬಿಗಿದು, ಕಿವಿಯನ್ನು ಗಿಟಾರಿನ ಮೈಗೆ ಒತ್ತಿ, ಒಂದೊಂದೇ ತಂತಿ ಮೀಟಿ ಶ್ರುತಿ ಸೇರಿಸತೊಡಗಿದ್ದ. ಪ್ರತಿ ತಂತಿಯೂ ಸರಿಯಾಗಿತ್ತು. ಯಾವುದರಲ್ಲೂ ಒಂದು ತಪ್ಪೂ ಇರಲಿಲ್ಲ.